ಮನೆವಾರ್ತೆ: ಕಂಪ್ಯೂಟರಿನಲ್ಲಿ ಪೌತಿ ಖಾತೆ

ಸಾಗರದ ಕಡೆಯ ಸೋದರಿಯೊಬ್ಬರು ಕಳೆದ ತಿಂಗಳು ನಮಗೆ ಬರೆದ ಕಾಗದವು ಈ ಸಲದ ಮನೆವಾರ್ತೆಗೆ ವಿಷಯವನ್ನು ಒದಗಿಸಿದೆ. ಅವರ ಮಾವನವರು ಪ್ರೌಢಶಾಲೆಯಲ್ಲಿ ಉಪಾಧ್ಯಾಯರಾಗಿದ್ದು ನಿವೃತ್ತರಾದವರು; ೨೦೧೧ನೆಯ ಇಸವಿಯಲ್ಲಿ ಒಂದು ಕಂಪ್ಯೂಟರನ್ನು ಕೊಂಡು, ಕೈಲಾಗುವವರೆಗೂ ಅದರಲ್ಲಿ ತಮ್ಮ ಮನೆತನದ ವೃತ್ತಾಂತವನ್ನೂ ತೋಟದ ಲೆಕ್ಕವನ್ನೂ ಬರೆದಿಡುತ್ತಿದ್ದರಂತೆ. ಅವರು ಕಾಲವಾಗಿ ಎರಡು ವರ್ಷಗಳಾದುವು. ಈಗ ಆ ಯಂತ್ರವು ಸೊಸೆಯ ಕೈಗೆ ಬಂದಿದೆ. ಮಗನು ಕಂಟ್ರೋಲ್ ಪ್ಯಾನೆಲ್ಲಿನೊಳಗೆ ಹೋಗಿ, ಖಾತೆಗೆ ಅಜ್ಜನ ಹೆಸರಿದ್ದುದನ್ನು ತೆಗೆದು ತಾಯಿಯ ಹೆಸರನ್ನು ಇಟ್ಟನು. ಯಂತ್ರವನ್ನು ಹಚ್ಚಿದಾಗ ಈಗ ಇವರ ಹೆಸರೇ ತೋರುವುದು. ಆದರೆ ಬರೆದ ಕಾಗದವನ್ನು ಇಡಹೋದರೆ, ಸಿ ಡ್ರೈವಿನ ‘ಯೂಸರ್ಸ್’ ಎಂಬ ಫೋಲ್ಡರಿನೊಳಗೆ ಮಾವನವರ ಹೆಸರು ಇದ್ದಂತೆಯೇ ಇರುವುದು. “ಮಗನು ಆ ಫೋಲ್ಡರಿನ ಹೆಸರನ್ನೂ ಬದಲಾಯಿಸಿಬಿಡುವೆನೆನ್ನುತ್ತಾನೆ. ಹಾಗೆ ಮಾಡಿದರೆ ಮಾವನವರು ಬರೆದಿಟ್ಟದ್ದು ಹೋಗುವುದೇ? ಹಾಗೆಯೇ ಬಿಟ್ಟರೆ ಯಂತ್ರಕ್ಕೇನಾದರೂ ಬಾಧಕವುಂಟೇ?” ಎಂದು ಅವರ ಪ್ರಶ್ನೆ.

ಕಾಗದವನ್ನು ಓದಿದೊಡನೆ ನಾವು ಪತ್ರಿಕೆಯ ಸರದಿಯನ್ನು ಕಾಯದೆ, ಈ ಲೇಖನವು ಕೈಸೇರುವ ತನಕ ಹುಡುಗನನ್ನು ತಡೆದಿರಬೇಕೆಂದು ಎರಡು ಸಾಲು ಬರೆದುಹಾಕಿದೆವು. ಅಷ್ಟೊಂದು ಅವಸರವೇಕೆಂದರೆ, ಒಮ್ಮೆ ನಾವೇ ಈ ಕೆಲಸಕ್ಕೆ ಕೈಹಾಕಿ ಪಶ್ಚಾತ್ತಾಪಪಟ್ಟವರು.

ನಮ್ಮ ಮನೆಯ ಯಂತ್ರವನ್ನು ಅಣಿಮಾಡಿಕೊಟ್ಟ ಅಂಗಡಿಯ ಹುಡುಗನು ನಮ್ಮ ಹೆಸರಿನಲ್ಲಿ ಒಂದಕ್ಷರವನ್ನು ನುಂಗಿಬಿಟ್ಟಿದ್ದನು. ಮೊದಮೊದಲು ನಕ್ಕು ಸುಮ್ಮನಿದ್ದೆವು. ದಿನಗಳೆದಂತೆ ಆ ಅಂಗಹೀನವಾದ ಹೆಸರು ಕಣ್ಣಿನಲ್ಲಿ ಬಿದ್ದ ಕಸದಂತೆ ಕಾಡತೊಡಗಿತು. ೨೦೧೬ನೆಯ ಬೇಸಗೆಯ ಒಂದು ಮಧ್ಯಾಹ್ನ, ಫೋಲ್ಡರಿನ ಹೆಸರನ್ನು ತಿದ್ದಹೊರಟೆವು. ಅದು ಬಳಕೆಯಲ್ಲಿರುವುದೆಂದು ಯಂತ್ರವು ಒಪ್ಪಲಿಲ್ಲ. ಅಲ್ಲಿಗೆ ಬಿಟ್ಟಿದ್ದರೆ ಚೆನ್ನಾಗಿತ್ತು. ಬಿಡದೆ, ಯಂತ್ರವನ್ನು ನಿಲ್ಲಿಸಿ ಮತ್ತೆ ಹಚ್ಚಿ, ಮಗನ ಖಾತೆಯಿಂದ ಒಳಹೊಕ್ಕು ಹೆಸರನ್ನು ತಿದ್ದಿದೆವು. ಈ ಸಲ ಯಂತ್ರವು ಅಡ್ಡಿಮಾಡಲಿಲ್ಲ. ಸಂತೋಷದಿಂದ ಎದ್ದು ಸಂಜೆಯ ತಿರುಗಾಟಕ್ಕೆ ಹೊರಟೆವು.

ಆ ದಿನಗಳಲ್ಲಿ ನಮ್ಮ ಅತ್ತೆಯವರು ಮನೆಗೆ ಬಂದಿದ್ದರು. ಎಂಬತ್ತು ದಾಟಿದ ಜೀವ. ಅವರಿಗೆ ಬರುತ್ತಿದ್ದ ಹಸೆಯ ಹಾಡುಗಳನ್ನು ನಮ್ಮ ಮನೆಯವರು ಸಂಜೆಯ ಹೊತ್ತು ಕೇಳಿಕೊಂಡು ಕಂಪ್ಯೂಟರಿನಲ್ಲಿ ಬರೆದುಕೊಳ್ಳುತ್ತಿದ್ದರು. ಆ ಸಂಜೆ ಯಂತ್ರವನ್ನು ಹಚ್ಚಿದಾಗ ಪರದೆಯ ಮೇಲೆ ಎಂದಿನ ಚಿತ್ರವಾಗಲಿ, ಎಂದಿನ ಕಡತಗಳಾಗಲಿ ಇರಲಿಲ್ಲ. ನಾವು ಮಧ್ಯಾಹ್ನವೆಲ್ಲ ಅದರ ಮುಂದೆ ಕುಳಿತಿದ್ದುದನ್ನು ಕಂಡಿದ್ದ ಅವರು, ಎಲ್ಲವನ್ನೂ ಗುಡಿಸಿ ಚೊಕ್ಕಟಮಾಡಿರುವರೆಂದು ಭಾವಿಸಿದರು. ಮೂಲೆಯಲ್ಲಿ ಒಂದು ಸಣ್ಣ ಎಚ್ಚರಿಕೆಯು ಕಾಣಿಸಿಕೊಂಡು ಮಾಯವಾಯಿತಂತೆ. ಅಂತಹವು ದಿನಕ್ಕೆ ಹತ್ತು ಬರುವುವಾದ್ದರಿಂದ ಯಾರು ಓದುವರು? ಐದು ಹಾಡುಗಳನ್ನು ಬರೆದು, ಡೆಸ್ಕ್‌ಟಾಪಿನ ಮೇಲಿರಿಸಿ, ಯಂತ್ರವನ್ನು ಆರಿಸಿದರು. ಮರುದಿನ ಹಚ್ಚಿ ನೋಡಿದರೆ ಒಂದೂ ಇರಲಿಲ್ಲ.

ನಡೆದುದಿಷ್ಟೆ. ವಿಂಡೋಸ್ ೭ ಎಂಬ ವ್ಯವಸ್ಥೆಯು, ಖಾತೆಗೆ ಸೇರಿದ ಫೋಲ್ಡರು ತನ್ನ ದಾಖಲೆಯಲ್ಲಿರುವ ಸ್ಥಳದಲ್ಲಿ ಸಿಗದೆಹೋದರೆ, ಬಂದವರನ್ನು ಬಾಗಿಲಲ್ಲೇ ನಿಲ್ಲಿಸುವುದಿಲ್ಲ. ‘ಟೆಂಪ್’ ಎಂಬ ಹೆಸರಿನ ತಾತ್ಕಾಲಿಕ ಬಿಡಾರವೊಂದನ್ನು ಹೂಡಿ ಅಲ್ಲಿ ಕುಳ್ಳಿರಿಸುವುದು. ಖಾತೆಯಿಂದ ಹೊರಬಂದೊಡನೆ ಆ ಬಿಡಾರವನ್ನು ಕಿತ್ತುಹಾಕುವುದು. ಅದರಲ್ಲಿ ಬರೆದಿಟ್ಟುದೆಲ್ಲವೂ ಅದರೊಡನೆಯೇ ಹೋಗುವುದು. ಮೂಲೆಯ ಎಚ್ಚರಿಕೆಯು ಹೇಳುತ್ತಿದ್ದುದೂ ಇದನ್ನೇ. ನಮ್ಮ ಹಳೆಯ ಕಡತಗಳಿಗೆ ಏನೂ ಆಗಿರಲಿಲ್ಲ. ನೆರೆಮನೆಯ ಇಂಜಿನಿಯರಿಂಗ್ ವಿದ್ಯಾರ್ಥಿಯೊಬ್ಬನು ಬಂದು ಅರ್ಧ ಗಂಟೆಯಲ್ಲಿ ಅವನ್ನು ಮತ್ತೆ ತೋರಿಸಿಕೊಟ್ಟನು. ಹೋದುದು ಆ ಸಂಜೆಯ ಐದು ಹಾಡು ಮಾತ್ರ. ಅತ್ತೆಯವರು ಬೇಸರಪಡದೆ ಇನ್ನೊಮ್ಮೆ ಹೇಳಿದರು. ನಾಲ್ಕು ನೆನಪಿಗೆ ಬಂದುವು, ಐದನೆಯದು ಬರಲಿಲ್ಲ. ಮುಂದಿನ ವರ್ಷ ಅವರು ತೀರಿಕೊಂಡರು.

ಇನ್ನು ವಿಷಯಕ್ಕೆ ಬರೋಣ. ಕಂಪ್ಯೂಟರಿನಲ್ಲಿ ನಮ್ಮ ಹೆಸರೆಂಬುದು ಒಂದೇ ಕಡೆ ಇರುವುದಿಲ್ಲ. ನಮ್ಮ ಸೀಮೆಯ ಗೃಹಸ್ಥರಿಗೆ ಇದನ್ನು ಜಮೀನಿನ ಮಾತಿನಲ್ಲಿ ಹೇಳಿದರೆ ಬೇಗ ತಿಳಿಯಬಹುದು. ತೋಟದ ಬೇಲಿಯ ಮೇಲೆ ಹಲಗೆ ಹಾಕಿ ಅದರಲ್ಲಿ ಯಾರ ಹೆಸರನ್ನಾದರೂ ಬರೆಸಬಹುದು. ಸರಕಾರಕ್ಕೆ ಬೇಕಾದುದು ಸರ್ವೆ ನಂಬರು, ಮತ್ತು ಆ ನಂಬರಿನ ಎದುರಿಗೆ ದಫ್ತರದಲ್ಲಿ ಬರೆದುದು. ಕಂಟ್ರೋಲ್ ಪ್ಯಾನೆಲ್ಲಿನಲ್ಲಿ ಬದಲಾಗುವ ಹೆಸರು ಬೇಲಿಯ ಹಲಗೆಯಂತಹುದು; ಮನುಷ್ಯರಿಗೆ ತೋರಿಸುವುದಕ್ಕಾಗಿ ಮಾತ್ರ ಇರುವುದು. ಖಾತೆಯನ್ನು ತೆರೆದ ದಿನವೇ ವಿಂಡೋಸು ಅದಕ್ಕೆ ಒಂದು ಉದ್ದನೆಯ ನಂಬರನ್ನು ಕೊಟ್ಟಿರುವುದು. ಮನೆಯ ಯಂತ್ರದ ಖಾತೆಗಳಲ್ಲಿ ಅದು ಎಸ್-೧-೫-೨೧ ಎಂದು ಮೊದಲಾಗಿ, ಕೊನೆಯಲ್ಲಿ ೧೦೦೦ ಅಥವಾ ಅದಕ್ಕೆ ಮೇಲ್ಪಟ್ಟ ಒಂದು ಸಂಖ್ಯೆಯಿಂದ ಮುಗಿಯುವುದು. ಹೆಸರನ್ನು ಎಷ್ಟು ಸಲ ಬದಲಿಸಿದರೂ ಈ ನಂಬರು ಬದಲಾಗದು. ‘ರಿಜಿಸ್ಟ್ರಿ’ ಎಂಬ ದಫ್ತರದಲ್ಲಿ ‘ಪ್ರೊಫೈಲ್ ಲಿಸ್ಟ್’ ಎಂಬ ಒಂದು ಪುಟವುಂಟು. ಇಂತಹ ನಂಬರಿನವರ ಸಾಮಾನು ಇಂತಹ ಫೋಲ್ಡರಿನಲ್ಲಿದೆ ಎಂದು ಅಲ್ಲಿ ದಾಖಲಾಗಿರುವುದು. ಆ ಫೋಲ್ಡರಿಗೆ ಮೊದಲ ದಿನ ಯಾವ ಹೆಸರು ಬಿತ್ತೋ ಅದೇ ನಿಂತುಬಿಡುವುದು. ಈ ದಫ್ತರವನ್ನು ಮುಟ್ಟದೆ ಫೋಲ್ಡರಿನ ಹೆಸರನ್ನು ಮಾತ್ರ ತಿದ್ದುವುದು, ಗಡಿಕಲ್ಲನ್ನು ರಾತ್ರಿ ಕಿತ್ತು ಬೇರೆಡೆ ನೆಟ್ಟಂತೆ. ನಾವು ಮಾಡಿದ ತಪ್ಪೂ ಇದೇ.

ಹಾಗಾದರೆ ದಫ್ತರವನ್ನೂ ತಿದ್ದಿದರೆ ಮುಗಿಯಿತಲ್ಲವೇ ಎಂದು ಬುದ್ಧಿವಂತರು ಕೇಳಬಹುದು. ಮುಗಿಯುವುದಿಲ್ಲ. ಯಂತ್ರಕ್ಕೆ ಸೇರಿಸಿದ ಒಂದೊಂದು ತಂತ್ರಾಂಶವೂ ತನ್ನದೇ ಆದ ಟಿಪ್ಪಣಿಯ ಪುಸ್ತಕವನ್ನಿಟ್ಟುಕೊಂಡು, ಅದರಲ್ಲಿ ಹಳೆಯ ವಿಳಾಸವನ್ನು ಪೂರ್ತಿಯಾಗಿ ಬರೆದುಕೊಂಡಿರುವುದುಂಟು. ಟಪಾಲಿನ ತಂತ್ರಾಂಶವು ತನ್ನ ಕಡತವನ್ನು ಅಲ್ಲಿಯೇ ಹುಡುಕುವುದು. ಸಂಗೀತದ ಪಟ್ಟಿಯು ಹಾಡುಗಳನ್ನು ಅಲ್ಲಿಯೇ ಕೇಳುವುದು. ಪರದೆಯ ಮೇಲಿನ ಕೆಲವು ಶಾರ್ಟ್‌ಕಟ್‌ಗಳು ಹಳೆಯ ದಾರಿಯನ್ನೇ ತೋರಿಸುವುವು. ಇವು ಒಂದೇ ದಿನ ಕೆಡುವುದೂ ಇಲ್ಲ. ಇಂದು ಒಂದು, ಮೂರು ತಿಂಗಳ ಮೇಲೆ ಇನ್ನೊಂದು. ಆ ವೇಳೆಗೆ ನಾವು ಹೆಸರನ್ನು ಬದಲಿಸಿದ ಸಂಗತಿಯನ್ನೇ ಮರೆತಿರುತ್ತೇವೆ.

ಆದುದರಿಂದ ನಮ್ಮ ಅಭಿಪ್ರಾಯವನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇವೆ: ಫೋಲ್ಡರಿನ ಹಳೆಯ ಹೆಸರು ಯಂತ್ರಕ್ಕೆ ಯಾವ ಬಾಧಕವನ್ನೂ ಮಾಡದು. ಕಣ್ಣಿಗೆ ಹಿತವಲ್ಲ ಎಂಬುದಷ್ಟೇ ದೋಷವಾಗಿದ್ದರೆ ಅದನ್ನು ಮುಟ್ಟದೆ ಬಿಡುವುದೇ ಲೇಸು. ಅದು ಸಾಧ್ಯವೇ ಇಲ್ಲವೆನ್ನುವವರು, ಬೇಕಾದ ಹೆಸರಿನಲ್ಲಿ ಹೊಸದೊಂದು ಖಾತೆಯನ್ನು ತೆರೆದು, ಸಾಮಾನನ್ನು ಅಲ್ಲಿಗೆ ಸಾಗಿಸುವುದು ಎರಡನೆಯ ಮಾರ್ಗ. ಹಳೆಯ ಮನೆಗೆ ಹೊಸ ಹೆಸರಿಡುವುದಕ್ಕಿಂತ ಹೊಸ ಮನೆಗೆ ಒಕ್ಕಲು ಹೋಗುವುದು ಇಲ್ಲಿ ಸುಲಭ.

ಯಾವ ಮಾರ್ಗವನ್ನು ಹಿಡಿದರೂ, ಅದಕ್ಕೆ ಮೊದಲು ಹಳೆಯ ಫೋಲ್ಡರಿನಲ್ಲಿರುವ ಕಡತಗಳನ್ನೂ ಚಿತ್ರಗಳನ್ನೂ ಹೊರಗಿನ ಒಂದು ಡಿಸ್ಕಿಗಾಗಲಿ ಪೆನ್ ಡ್ರೈವಿಗಾಗಲಿ ಪ್ರತಿಮಾಡಿ, ಆ ಪ್ರತಿಯನ್ನು ಬೇರೊಂದು ಯಂತ್ರದಲ್ಲಿ ತೆರೆದು ನೋಡಬೇಕು. ತೆರೆದು ನೋಡದ ಪ್ರತಿಯನ್ನು ಪ್ರತಿಯೆಂದು ನಾವು ಒಪ್ಪುವುದಿಲ್ಲ. ಸಾಗರದ ಸೋದರಿಯ ಯಂತ್ರವು ೨೦೧೧ರದು. ಅಷ್ಟು ವರ್ಷ ತಿರುಗಿದ ಡಿಸ್ಕು ಯಾವ ದಿನ ನಿಲ್ಲುವುದೆಂದು ಹೇಳಲಾಗದು. ನಿಜವಾಗಿ ನೋಡಿದರೆ ಮಾವನವರ ಬರವಣಿಗೆಗೆ ಹೆಸರಿನ ಬದಲಾವಣೆಗಿಂತ ಇದರಿಂದಲೇ ಹೆಚ್ಚಿನ ಭಯ.

ಹೊಸ ಖಾತೆಯನ್ನು ತೆರೆಯುವ ಕ್ರಮ ಹೀಗೆ. ಕಂಟ್ರೋಲ್ ಪ್ಯಾನೆಲ್ಲಿನ ‘ಯೂಸರ್ ಅಕೌಂಟ್ಸ್’ ವಿಭಾಗದಲ್ಲಿ, ಆಡಳಿತಾಧಿಕಾರವುಳ್ಳ, ಎಂದರೆ ಅಡ್ಮಿನಿಸ್ಟ್ರೇಟರ್ ದರ್ಜೆಯ ಒಂದು ಖಾತೆಯನ್ನು ಸೃಷ್ಟಿಸಬೇಕು. ಹೆಸರನ್ನು ಟೈಪು ಮಾಡುವಾಗ ಒಂದಕ್ಕೆರಡು ಸಲ ನೋಡಿಕೊಳ್ಳಿರಿ. ಫೋಲ್ಡರಿಗೆ ಬೀಳುವುದು ಅದೇ ಹೆಸರು. ಖಾತೆಯನ್ನು ಸೃಷ್ಟಿಸಿದ ಮಾತ್ರಕ್ಕೆ ಫೋಲ್ಡರು ಹುಟ್ಟದು. ಒಮ್ಮೆ ಒಳಹೊಕ್ಕಾಗಲೇ ಹುಟ್ಟುವುದು. ಹಳೆಯ ಖಾತೆಯಿಂದ ಪೂರ್ತಿಯಾಗಿ ಹೊರಬಂದು, ಹೊಸ ಖಾತೆಯೊಳಗೆ ಹೋಗಿ, ‘ಯೂಸರ್ಸ್’ನಲ್ಲಿರುವ ಹಳೆಯ ಫೋಲ್ಡರನ್ನು ತೆರೆದರೆ ಅನುಮತಿಯನ್ನು ಕೇಳುವುದು, ಕೊಡಬಹುದು. ಬಳಿಕ ಡಾಕ್ಯುಮೆಂಟ್ಸ್, ಪಿಕ್ಚರ್ಸ್, ಡೆಸ್ಕ್‌ಟಾಪ್, ಡೌನ್‌ಲೋಡ್ಸ್, ಮ್ಯೂಸಿಕ್, ವೀಡಿಯೋಸ್, ಫೇವರಿಟ್ಸ್ ಇವುಗಳಲ್ಲಿರುವುದನ್ನು ಒಂದೊಂದಾಗಿ ಹೊಸ ಖಾತೆಯ ಅದೇ ಹೆಸರಿನ ಜಾಗಗಳಿಗೆ ಪ್ರತಿಮಾಡಬೇಕು. ಪ್ರತಿಮಾಡಬೇಕೆಂದೆವು, ಎತ್ತಿ ಸಾಗಿಸಕೂಡದು. ಒಂದೇ ಡ್ರೈವಿನೊಳಗೆ ಕಡತವನ್ನು ಎತ್ತಿ ಸಾಗಿಸಿದರೆ ಅದರ ಹಳೆಯ ಹಕ್ಕುಬಾಧ್ಯತೆಗಳೂ ಜೊತೆಯಲ್ಲಿ ಬರುವುವು. ನಮ್ಮ ಮನೆಯಲ್ಲಿದ್ದರೂ ನಮಗೆ ತೆರೆಯಲು ಹಕ್ಕಿಲ್ಲವೆನ್ನುವ ವಿಪರೀತವು ಆಗ ಒದಗಬಹುದು. ಪ್ರತಿಗಾದರೋ ಹೊಸ ಜಾಗದ ಹಕ್ಕುಗಳೇ ಲಭಿಸುವುವು. ಇದಕ್ಕೆ ಡಿಸ್ಕಿನಲ್ಲಿ ಇಮ್ಮಡಿ ಸ್ಥಳವು ಬೇಕಾಗುವುದರಿಂದ ಮೊದಲೇ ನೋಡಿಕೊಂಡಿರಬೇಕು.

ಫೋಲ್ಡರಿನ ಬುಡದಲ್ಲಿ ‘ಎನ್‌ಟಿಯೂಸರ್’ ಎಂದು ಮೊದಲಾಗುವ ಕೆಲವು ಮರೆಯಾದ ಕಡತಗಳಿರುತ್ತವೆ. ಅವು ಹಳೆಯ ಖಾತೆಯ ಸ್ವಂತ ಏರ್ಪಾಡುಗಳನ್ನೊಳಗೊಂಡವು; ಅವನ್ನು ಪ್ರತಿಮಾಡತಕ್ಕದ್ದಲ್ಲ. ಟಪಾಲು ಮಾತ್ರ ತೊಂದರೆಯ ಬಾಬತ್ತು. ಇದರ ಕಡತಗಳು ಬಹುಮಟ್ಟಿಗೆ ‘ಆಪ್‌ಡೇಟಾ’ ಎಂಬ ಮರೆಯಾದ ಫೋಲ್ಡರಿನಲ್ಲಿ ಅಡಗಿರುವುದರಿಂದ, ಹಳೆಯ ಖಾತೆಯಲ್ಲಿದ್ದುಕೊಂಡೇ ಟಪಾಲಿನ ತಂತ್ರಾಂಶದ ಮೂಲಕ ಅವನ್ನು ಹೊರತೆಗೆದಿಡುವುದು ಉತ್ತಮ. ನುಡಿ, ಬರಹ ಮೊದಲಾದ ಕನ್ನಡ ತಂತ್ರಾಂಶಗಳಲ್ಲಿ ಬರೆದ ಹಳೆಯ ಕಾಗದಗಳು ಹೊಸ ಖಾತೆಯಲ್ಲಿ ಓದಲು ಬಾರವೇನೋ ಎಂಬ ಸಂದೇಹ ಬೇಡ. ವಿಂಡೋಸ್ ೭ರಲ್ಲಿ ಅಕ್ಷರಗಳ ಫಾಂಟುಗಳು ಯಾರೊಬ್ಬರ ಖಾತೆಗೂ ಸೇರದೆ ಇಡಿಯ ಯಂತ್ರಕ್ಕೆ ಸೇರಿದ ಫೋಲ್ಡರಿನಲ್ಲಿ ಇರುವುವು. ಎಲ್ಲ ಖಾತೆಗಳಿಗೂ ಅವು ಒಂದೇ.

ಬಾರದೆ ಉಳಿಯುವುವೂ ಕೆಲವುಂಟು. ಇಂಟರ್‌ನೆಟ್ಟಿನ ತಾಣಗಳಿಗಾಗಿ ಬ್ರೌಸರಿನಲ್ಲಿ ನೆನಪಿಟ್ಟ ಪಾಸ್‌ವರ್ಡುಗಳು ಅನೇಕ ವೇಳೆ ಹಳೆಯ ಖಾತೆಯ ಬೀಗಕ್ಕೆ ಕಟ್ಟುಬಿದ್ದಿರುವುದರಿಂದ, ಕಡತವನ್ನು ಪ್ರತಿಮಾಡಿದ ಮಾತ್ರಕ್ಕೆ ದೊರೆಯುವುದಿಲ್ಲ. ಕಡತದ ಹೆಸರು ಹಸುರು ಬಣ್ಣದಲ್ಲಿ ಕಾಣುತ್ತಿದ್ದರೆ ಅದು ಗೂಢಲಿಪಿಯಲ್ಲಿರುವುದೆಂದರ್ಥ. ಹಳೆಯ ಖಾತೆಯೊಳಗೆ ಹೋಗಿ ಆ ಬಂಧನವನ್ನು ಮೊದಲು ಬಿಡಿಸಬೇಕು. ಇಲ್ಲಿ ಒಂದು ಎಚ್ಚರಿಕೆ. ತೀರಿಕೊಂಡ ಹಿರಿಯರ ಪಾಸ್‌ವರ್ಡು ಗೊತ್ತಿಲ್ಲವೆಂದು, ಬೇರೆ ಖಾತೆಯ ಅಧಿಕಾರದಿಂದ ಅದನ್ನು ಅಳಿಸಿ ಹೊಸದನ್ನಿಡುವವರುಂಟು. ಹಾಗೆ ಮಾಡಿದರೆ ಗೂಢಲಿಪಿಯ ಕಡತಗಳೂ ನೆನಪಿಟ್ಟ ಪಾಸ್‌ವರ್ಡುಗಳೂ ಕೈತಪ್ಪುವುವು. ಹಳೆಯ ಡೈರಿಗಳಲ್ಲಿ, ಮೇಜಿನ ಖಾನೆಯಲ್ಲಿ ಮೊದಲು ಹುಡುಕಿರಿ. ನಮ್ಮ ತಲೆಮಾರಿನವರು ಇಂತಹದನ್ನು ಎಲ್ಲಿಯಾದರೂ ಬರೆದಿಡದೆ ಇರುವವರಲ್ಲ.

ಇಷ್ಟು ಹೇಳಿದ ಮೇಲೂ ಫೋಲ್ಡರಿನ ಹೆಸರನ್ನೇ ತಿದ್ದುವೆನೆಂಬ ಹಟವುಳ್ಳವರಿಗಾಗಿ ಮೂರನೆಯ ಮಾರ್ಗವನ್ನು ಸಂಕ್ಷೇಪವಾಗಿ ತಿಳಿಸುತ್ತೇವೆ. ಅಡ್ಮಿನಿಸ್ಟ್ರೇಟರ್ ದರ್ಜೆಯ ಇನ್ನೊಂದು ಖಾತೆ ಇರಲೇಬೇಕು. ಯಂತ್ರವನ್ನು ಹೊಸದಾಗಿ ಹಚ್ಚಿ ನೇರವಾಗಿ ಆ ಖಾತೆಯೊಳಗೆ ಹೋಗಿ, ಮೊದಲು ರಿಜಿಸ್ಟ್ರಿಯ ಪ್ರತಿಯನ್ನು ತೆಗೆದಿಟ್ಟು, ಫೋಲ್ಡರಿನ ಹೆಸರನ್ನು ತಿದ್ದಬೇಕು. ಬಳಿಕ ‘ರೆಜೆಡಿಟ್’ ಎಂಬ ಸಾಧನದಿಂದ ‘ಪ್ರೊಫೈಲ್ ಲಿಸ್ಟ್’ ಪುಟವನ್ನು ತೆರೆದು, ಅಲ್ಲಿನ ನಂಬರುಗಳಲ್ಲಿ ಯಾವುದರ ‘ಪ್ರೊಫೈಲ್ ಇಮೇಜ್ ಪಾತ್’ ಎಂಬ ಬಾಬಿನಲ್ಲಿ ಹಳೆಯ ವಿಳಾಸವಿದೆಯೋ ಅದನ್ನು ಹೊಸ ವಿಳಾಸಕ್ಕೆ ತಿದ್ದಬೇಕು. ಹಳೆಯ ವಿಳಾಸವನ್ನೇ ಹುಡುಕುವ ತಂತ್ರಾಂಶಗಳ ಸಮಾಧಾನಕ್ಕಾಗಿ, ‘ಎಂಕೆಲಿಂಕ್’ ಎಂಬ ಆಜ್ಞೆಯಿಂದ ಹಳೆಯ ಹೆಸರಿನಲ್ಲಿ ಒಂದು ಕೈಮರವನ್ನು ನೆಟ್ಟು, ಬಂದವರನ್ನು ಹೊಸ ಫೋಲ್ಡರಿಗೆ ಕಳುಹಿಸುವಂತೆ ಮಾಡಬಹುದು. ಆದರೆ ಆಗ ಹಳೆಯ ಹೆಸರು ‘ಯೂಸರ್ಸ್’ನಲ್ಲಿ ಕೈಮರದ ರೂಪದಿಂದ ಮತ್ತೆ ಕಾಣಿಸಿಕೊಳ್ಳುವುದು! ಇದನ್ನು ಕಂಡಾಗಲೇ ನಮಗೆ ಈ ಶ್ರಮವೆಲ್ಲ ಯಾತಕ್ಕೆಂದು ತೋರಿದುದು. ಮೇಲಾಗಿ, ರಿಜಿಸ್ಟ್ರಿಯಲ್ಲಿ ಒಂದಕ್ಷರ ತಪ್ಪಿದರೂ ಟೆಂಪಿನ ಬಿಡಾರವೇ ಗತಿ. ತಾತ್ಕಾಲಿಕ ಪ್ರೊಫೈಲೆಂಬ ಎಚ್ಚರಿಕೆಯು ಮೂಲೆಯಲ್ಲಿ ಕಂಡರೆ, ಒಂದಕ್ಷರವನ್ನೂ ಬರೆಯದೆ ಹೊರಬಂದು, ತಿಳಿದವರನ್ನು ಕರೆಯಿಸಬೇಕು.

ವಿಂಡೋಸ್ ಎಕ್ಸ್‌ಪಿಯ ಯಂತ್ರಗಳನ್ನು ಇನ್ನೂ ಇಟ್ಟುಕೊಂಡಿರುವ ವಾಚಕರು ಕೆಲವರಿರುವರೆಂದು ಬಲ್ಲೆವು. ೨೦೦೧ರಲ್ಲಿ ಹೊರಬಂದ ಅದರಲ್ಲಿ ‘ಯೂಸರ್ಸ್’ ಎಂಬುದಕ್ಕೆ ಬದಲಾಗಿ ‘ಡಾಕ್ಯುಮೆಂಟ್ಸ್ ಅಂಡ್ ಸೆಟಿಂಗ್ಸ್’ ಎಂಬ ಫೋಲ್ಡರಿರುವುದು. ಎಂಕೆಲಿಂಕ್ ಆಜ್ಞೆಯೂ ಅದರಲ್ಲಿಲ್ಲ. ಉಳಿದ ಮಾತು ಬಹುಮಟ್ಟಿಗೆ ಒಂದೇ. ಮೈಕ್ರೋಸಾಫ್ಟಿನವರು ಎಕ್ಸ್‌ಪಿಯ ರಕ್ಷಣೆಯನ್ನು ೨೦೧೪ನೆಯ ಏಪ್ರಿಲ್ ೮ರಂದೂ, ಮನೆಬಳಕೆಯ ವಿಂಡೋಸ್ ೭ರದನ್ನು ೨೦೨೦ನೆಯ ಜನವರಿ ೧೪ರಂದೂ ನಿಲ್ಲಿಸಿರುವರಾದ್ದರಿಂದ, ಇವುಗಳಲ್ಲಿ ಬ್ಯಾಂಕಿನ ವ್ಯವಹಾರವನ್ನು ಮಾಡಕೂಡದು. ಬರೆಯುವುದಕ್ಕೆ, ಚಿತ್ರಗಳನ್ನು ನೋಡುವುದಕ್ಕೆ ಅಡ್ಡಿಯಿಲ್ಲ.

ಹೊಸ ಖಾತೆಗೆ ಕನ್ನಡದಲ್ಲಿಯೇ ಹೆಸರಿಡಬಾರದೇಕೆ ಎಂದು ಅಭಿಮಾನಿಗಳು ಕೇಳುವರು. ನಮಗೂ ಅದೇ ಆಸೆ. ವಿಂಡೋಸು ಕನ್ನಡದ ಹೆಸರಿನ ಫೋಲ್ಡರನ್ನು ಸಂತೋಷದಿಂದ ಇರಿಸಿಕೊಳ್ಳುವುದು. ಆದರೆ ಯೂನಿಕೋಡನ್ನು ಅರಿಯದ ಹಳೆಯ ತಂತ್ರಾಂಶಗಳಿಗೆ ನಮ್ಮ ಅಕ್ಷರಗಳೆಲ್ಲವೂ ಪ್ರಶ್ನಾರ್ಥಕ ಚಿಹ್ನೆಗಳಾಗಿ ತೋರುವುವು. ಅಂತಹವು ನಮ್ಮ ಫೋಲ್ಡರನ್ನು ಕಾಣಲಾರದೆ ನಿಂತುಬಿಡುವುವು. ಆದುದರಿಂದ ಖಾತೆಯನ್ನು ತೆರೆಯುವಾಗ ಇಂಗ್ಲಿಷ್ ಅಕ್ಷರಗಳಲ್ಲಿ, ನಡುವೆ ತೆರಪಿಲ್ಲದ ಒಂದು ಚಿಕ್ಕ ಹೆಸರನ್ನು ಕೊಟ್ಟು, ಫೋಲ್ಡರು ಹುಟ್ಟಿದ ಮೇಲೆ ಕಂಟ್ರೋಲ್ ಪ್ಯಾನೆಲ್ಲಿನಲ್ಲಿ ತೋರಿಕೆಯ ಹೆಸರನ್ನು ಕನ್ನಡಕ್ಕೆ ಬದಲಿಸಿಕೊಳ್ಳಬಹುದು. ಹೊಸ ಯಂತ್ರವನ್ನು ಕೊಳ್ಳುವವರು ಕೂಡ ಇದನ್ನು ಗಮನಿಸಬೇಕು. ವಿಂಡೋಸ್ ೧೦ರಲ್ಲಿ ಮೈಕ್ರೋಸಾಫ್ಟಿನ ಖಾತೆಯಿಂದ ಮೊದಲ ಪ್ರವೇಶವಾದರೆ, ಇ-ಮೇಲ್ ವಿಳಾಸದ ಮೊದಲ ಐದಕ್ಷರಗಳೇ ಫೋಲ್ಡರಿನ ಹೆಸರಾಗುವುದುಂಟು. ಅಂಗಡಿಯ ಹುಡುಗನು ನುಂಗಿದುದು ಒಂದೇ ಅಕ್ಷರವೆಂದು ನಾವು ಸಮಾಧಾನಪಟ್ಟುಕೊಳ್ಳುವಂತಾಗಿದೆ.

ಸಾಗರದ ಸೋದರಿಗೆ ನಮ್ಮ ಸಲಹೆಯಿದು. ಮಾವನವರ ವೃತ್ತಾಂತವನ್ನೂ ಲೆಕ್ಕಗಳನ್ನೂ ಚಿತ್ರಗಳನ್ನೂ ಈ ವಾರವೇ ಎರಡು ಪೆನ್ ಡ್ರೈವುಗಳಿಗೆ ಪ್ರತಿಮಾಡಿಸಿ, ಒಂದನ್ನು ಮನೆಯಲ್ಲಿಟ್ಟು ಮತ್ತೊಂದನ್ನು ನಂಟರ ಮನೆಗೆ ಕಳುಹಿಸಿರಿ. ವೃತ್ತಾಂತವನ್ನು ಕಾಗದದ ಮೇಲೆಯೂ ಅಚ್ಚು ಹಾಕಿಸಿಡುವುದು ಒಳ್ಳೆಯದು. ತಮ್ಮ ಹೆಸರಿನಲ್ಲಿ ಹೊಸ ಖಾತೆಯನ್ನು ತೆರೆದು ದಿನದ ಕೆಲಸವನ್ನು ಅಲ್ಲಿ ನಡೆಯಿಸಿಕೊಳ್ಳಿರಿ. ಹಳೆಯ ಖಾತೆಯನ್ನು ಅಳಿಸುವುದು ಬೇಡ. ಅಳಿಸುವಾಗ ಕಡತಗಳನ್ನು ಉಳಿಸಿಕೊಡುವೆನೆಂದು ಯಂತ್ರವು ಹೇಳುವುದು ನಿಜ. ಆದರೆ ಟಪಾಲನ್ನು ಅದು ಉಳಿಸುವುದಿಲ್ಲ. ಮಗನಿಗೆ ಕೈ ಸುಮ್ಮನಿರದಿದ್ದರೆ, ಆ ಖಾತೆಯ ತೋರಿಕೆಯ ಹೆಸರನ್ನು ತಿರುಗಿ ಅಜ್ಜನ ಹೆಸರಿಗೇ ತರುವ ಕೆಲಸವನ್ನು ಕೊಡಿರಿ. ಆಗ ಹಲಗೆಗೂ ದಫ್ತರಕ್ಕೂ ತಾಳೆಯಾಗುವುದು.

ಕಾಗದದ ಕೊನೆಯಲ್ಲಿ ಅವರು ಕೇಳಿರುವ ಹಳೆಯ ಪ್ರಿಂಟರಿನ ಸಂಗತಿಯನ್ನು ಮುಂದಿನ ತಿಂಗಳು ತೆಗೆದುಕೊಳ್ಳುವೆವು.